ಕ್ಲಿಕ್ಕಿನ ಲೆಕ್ಕ: ಅಗ್ಗದ ಸ್ಕೋಪ್ ಒಂದರ ಪರೀಕ್ಷೆ

ಏರ್ ರೈಫಲ್ ಕೊಂಡವರ ಕೈ ಬಹಳ ದಿನ ಸುಮ್ಮನಿರುವುದಿಲ್ಲ. ಮೊದಲ ಡಬ್ಬಿ ಪೆಲೆಟ್ ಖಾಲಿಯಾಗುವ ಹೊತ್ತಿಗೆ ಮೊಬೈಲಿನಲ್ಲಿ ಸ್ಕೋಪ್ ಹುಡುಕಾಟ ಶುರುವಾಗಿರುತ್ತದೆ. ಹುಡುಕಿದರೆ ಸಾಲುಸಾಲಾಗಿ ಸಿಗುತ್ತವೆ. ಕಪ್ಪು ಕೊಳವೆ, ಎರಡೂ ತುದಿಗೆ ಗಾಜು, ಮೇಲೊಂದು ಪಕ್ಕದಲ್ಲೊಂದು ತಿರುಗಿಸುವ ಗುಬುಟು, ಒಳಗೆ ಕೆಂಪು ಹಸಿರು ದೀಪ. ನೀರು ಒಳಹೋಗದು, ಮಂಜು ಹಿಡಿಯದು, ಎಂಥ ಒದೆತವನ್ನೂ ತಡೆದುಕೊಳ್ಳುತ್ತದೆ ಎಂಬ ಮೂರು ಭರವಸೆಗಳು ಎಲ್ಲದರ ಜೊತೆಗೂ ಉಚಿತ. ಬೆಲೆ ಮೂರು ನಾಲ್ಕು ಸಾವಿರ ರೂಪಾಯಿ. ನೋಡಲು ಥೇಟ್ ಹಾಗೇ ಇರುವ ಇನ್ನೊಂದು ಸ್ಕೋಪ್ ಅದರ ಹತ್ತು ಹದಿನೈದು ಪಟ್ಟು ಬೆಲೆಗೆ ಕೂತಿರುತ್ತದೆ. ಹಾಗಾದರೆ ಆ ದುಡ್ಡೆಲ್ಲ ಎಲ್ಲಿ ಹೋಯಿತು?

ಗಾಜಿನಲ್ಲಿ ಎನ್ನುವವರೇ ಹೆಚ್ಚು. ಅದು ಅರ್ಧ ನಿಜ. ಮಸೂರ ಉಜ್ಜುವ ಕೆಲಸವೂ ಅದರ ಮೇಲೆ ಲೇಪ ಕೊಡುವ ಕೆಲಸವೂ ಯಂತ್ರಗಳ ಕೈಗೆ ಹೋಗಿ ಅಗ್ಗವಾಗಿವೆ. ಹಗಲು ಬೆಳಕಿನಲ್ಲಿ 25 ಮೀಟರ್ ಆಚೆಯ ಕಾಗದ ನೋಡುವುದಕ್ಕೆ ನಾಲ್ಕು ಸಾವಿರದ ಗಾಜು ಧಾರಾಳ ಸಾಕು. ಅಗ್ಗದ ಸ್ಕೋಪ್ ಕೈಕೊಡುವುದು ಕಣ್ಣಿಗೆ ಕಾಣದ ಜಾಗದಲ್ಲಿ: ಗುಬುಟು ತಿರುಗಿಸಿದಾಗ ಒಳಗೆ ಏನು ಸರಿಯುತ್ತದೆ, ಎಷ್ಟು ಸರಿಯುತ್ತದೆ, ಸರಿದದ್ದು ಅಲ್ಲೇ ನಿಲ್ಲುತ್ತದೆಯೇ ಎಂಬಲ್ಲಿ. ಅಂಗಡಿಯಲ್ಲಿ ನಿಂತು ಎದುರು ಕಟ್ಟಡದ ಬೋರ್ಡ್ ಓದಿ ನೋಡಿದರೆ ಇದು ತಿಳಿಯುವುದಿಲ್ಲ. ಶೂಟಿಂಗ್ ರೇಂಜಿಗೇ ಹೋಗಬೇಕು.

ನನ್ನ ಅಣ್ಣನ ಮಗ ಇಂಥದ್ದೊಂದು 3-9×40 (ಅಂದರೆ 3ರಿಂದ 9 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 40 ಮಿಲಿಮೀಟರ್ ಇರುವ) ಸ್ಕೋಪ್ ತರಿಸಿಕೊಂಡು, ಸ್ಪ್ರಿಂಗ್ ಏರ್ ರೈಫಲ್ಲಿಗೆ ಕೂರಿಸಿ, "ಚಿಕ್ಕಪ್ಪ, ಗಾಜು ಸಕತ್ ಕ್ಲಿಯರ್ ಇದೆ. ಆದ್ರೆ ಗುಂಡು ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಬೀಳುತ್ತೆ" ಎಂದ. ಬೆಂಗಳೂರಿನ ಹೊರವಲಯದಲ್ಲಿ 25 ಮತ್ತು 50 ಮೀಟರ್ ಸಾಲುಗಳಿರುವ ರೇಂಜೊಂದರಲ್ಲಿ ಅದನ್ನು ಕೂಲಂಕಷವಾಗಿ ನೋಡಿಬಿಡೋಣ ಎಂದು ಹೊರಟೆವು. ಸ್ಕೋಪಿನ ಹೆಸರು ಇಲ್ಲಿ ಬೇಡ. ಒಂದೇ ನಮೂನೆಯ ಸ್ಕೋಪ್ ಬೇರೆ ಬೇರೆ ಹೆಸರಿನ ಪೆಟ್ಟಿಗೆಯಲ್ಲಿ ಬರುವುದು ಈ ಬೆಲೆಯಲ್ಲಿ ಮಾಮೂಲು; ಒಂದರ ಗುಣದೋಷ ಬಹುತೇಕ ಎಲ್ಲದರದ್ದೂ ಹೌದು.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, ನಳಿಗೆಯ ಬಾಯಲ್ಲಿ 20 ಜೂಲ್ ಶಕ್ತಿ ದಾಟದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕೂ ಮೇಲಿನದಕ್ಕೆ ಬೇಕು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಹಕ್ಕಿ, ಮೊಲ, ಅಳಿಲಿನ ಕಡೆ ತಿರುಗಿಸಬಹುದು ಎಂದೇನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ನಿಂತಿದೆ. ಈ ಕೋವಿಗೆ ಕಾಗದ, ತಗಡಿನ ಡಬ್ಬಿ ಇಷ್ಟೇ ಗುರಿ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬೆಳೆದ ಕೊಡಗಿನವರಿಗೆ ಇದು ಮಕ್ಕಳಾಟ ಅನ್ನಿಸಬಹುದು. ಆದರೆ ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟನ್ನು 25 ಮೀಟರಿನಲ್ಲಿ ನಾಣ್ಯದಗಲದ ವೃತ್ತದೊಳಗೆ ಮತ್ತೆ ಮತ್ತೆ ಕೂರಿಸುವುದು ಅಷ್ಟು ಸುಲಭದ ಆಟವಲ್ಲ.

ಸ್ಕೋಪಿನ ಒಳಗೆ ಏನಿದೆ ಎಂದು ಗೊತ್ತಿದ್ದರೆ ಪರೀಕ್ಷೆಯ ಅರ್ಧ ಕೆಲಸ ಮುಗಿದಂತೆ. ಮುಂದಿನ ದೊಡ್ಡ ಮಸೂರ ಗುರಿಯ ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಅದನ್ನು ನೆಟ್ಟಗೆ ಮಾಡಲು ನಡುವೆ ಇನ್ನೊಂದು ಮಸೂರಗಳ ಜೋಡಿ ಬೇಕು. ಆ ಜೋಡಿ ಇರುವುದು ದೊಡ್ಡ ಕೊಳವೆಯೊಳಗಿನ ಒಂದು ಸಣ್ಣ ಕೊಳವೆಯಲ್ಲಿ. ಈ ಒಳಗೊಳವೆಯ ಒಂದು ತುದಿ ಕೀಲಿನ ಮೇಲೆ ಕೂತಿರುತ್ತದೆ, ಇನ್ನೊಂದು ತುದಿ ಅತ್ತಿತ್ತ ಅಲ್ಲಾಡಬಲ್ಲದು. ಮೇಲಿನ ಟರೆಟ್ ಎಂಬ ಗುಬುಟಿನ ತಿರುಪು ಅದನ್ನು ಮೇಲಿನಿಂದ ಒತ್ತುತ್ತದೆ, ಪಕ್ಕದ ಟರೆಟ್ ಪಕ್ಕದಿಂದ ಒತ್ತುತ್ತದೆ, ಎದುರು ಮೂಲೆಯಿಂದ ಒಂದು ಸ್ಪ್ರಿಂಗ್ ಎರಡಕ್ಕೂ ಎದುರೊತ್ತು ಕೊಡುತ್ತದೆ. ತಿರುಪು ಮುಂದೆ ಬಂದರೆ ಒಳಗೊಳವೆ ಸರಿಯಲೇಬೇಕು, ಬೇರೆ ದಾರಿಯಿಲ್ಲ. ತಿರುಪು ಹಿಂದೆ ಸರಿದಾಗ ಮಾತ್ರ ಸ್ಪ್ರಿಂಗೇ ಅದನ್ನು ತಳ್ಳಿಕೊಂಡು ಬರಬೇಕು. ಆ ಸ್ಪ್ರಿಂಗ್ ಬಡವಾಗಿದ್ದರೆ, ತಿರುಪಿನ ಮರೆ ಒರಟಾಗಿದ್ದರೆ, ಒಳಗೊಳವೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಟಿಕ್ ಟಿಕ್ ಎನ್ನುವುದು ಟರೆಟ್ಟಿನ ಹಲ್ಲುಗಳು ಮಾತ್ರ. ಒಳಗೆ ಏನಾದರೂ ಸರಿಯಿತೇ ಇಲ್ಲವೇ ಎಂಬುದನ್ನು ಆ ಸದ್ದು ಹೇಳುವುದಿಲ್ಲ. ದುಬಾರಿ ಸ್ಕೋಪಿನ ದುಡ್ಡಿನ ಒಂದು ದೊಡ್ಡ ಪಾಲು ಹೋಗುವುದು ಈ ಸ್ಪ್ರಿಂಗಿಗೆ, ಈ ಮರೆಗೆ.

ಬಿಂಬದ ನಡುವೆ ಕಾಣುವ ಅಡ್ಡಗೆರೆ ಉದ್ದಗೆರೆಗಳಿಗೂ ಒಂದು ಕಥೆಯಿದೆ. 17ನೇ ಶತಮಾನದ ಇಂಗ್ಲೆಂಡಿನ ಖಗೋಳಪ್ರೇಮಿ ವಿಲಿಯಂ ಗ್ಯಾಸ್ಕೋಯ್ನ್ ತನ್ನ ದೂರದರ್ಶಕ ಬಿಚ್ಚಿಟ್ಟಿದ್ದಾಗ ಜೇಡವೊಂದು ಒಳಗೆ ಎಳೆ ಕಟ್ಟಿತು. ಮುಂದೆ ನೋಡಿದರೆ ದೂರದ ವಸ್ತುವಿನಷ್ಟೇ ಸ್ಪಷ್ಟವಾಗಿ ಆ ಎಳೆಯೂ ಕಂಡಿತು. ಗುರಿ ಹಿಡಿಯುವ ಗೆರೆಯನ್ನು ಎಲ್ಲಿ ಇಡಬೇಕು ಎಂಬುದು ಅವನಿಗೆ ಹೊಳೆದದ್ದು ಹೀಗೆ. ಪಾಪ, 1644ರ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಸತ್ತುಹೋದ. ಜೇಡರ ಎಳೆಯನ್ನೇ ಉಪಯೋಗಿಸುವ ರೂಢಿ ಉಪಕರಣ ತಯಾರಕರಲ್ಲಿ 20ನೇ ಶತಮಾನದವರೆಗೂ ಇತ್ತು.

ಅಗ್ಗದ ಸ್ಕೋಪು ಎಂದ ಕೂಡಲೇ ಮೂಗು ಮುರಿಯುವವರಿಗೆ ಇನ್ನೊಬ್ಬನ ಕಥೆಯನ್ನೂ ಹೇಳಬೇಕು. ಅಮೆರಿಕದಲ್ಲಿ 1930ರವರೆಗೆ ರೈಫಲ್ ಸ್ಕೋಪ್ ಎಂದರೆ ಸಿರಿವಂತ ಬೇಟೆಗಾರನ ಸೊತ್ತು, ಹೆಚ್ಚಿನವು ಜರ್ಮನಿಯಿಂದ ಬರಬೇಕಿತ್ತು. ಬಿಲ್ ವೀವರ್ ಎಂಬಾತ ಆ ವರ್ಷ ಕೋವಿಗೆ ಬಿಗಿಯುವ ಮೌಂಟ್ ಸಮೇತ 19 ಡಾಲರಿಗೆ ಒಂದು ಸಣ್ಣ ಸ್ಕೋಪ್ ಮಾರಲು ಶುರುಮಾಡಿದ. ಮುಕ್ಕಾಲು ಇಂಚಿನ ತೆಳು ಕೊಳವೆ, ಸಾದಾ ಕೆಲಸ. ಅದೇ ವಂಶದ 330 ಎಂಬ ಮಾದರಿಯನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಎಂ73ಬಿ1 ಎಂದು ಹೆಸರಿಟ್ಟು ತನ್ನ ಎಂ1903ಎ4 ಸ್ನೈಪರ್ ರೈಫಲ್ಲಿನ ಮೇಲೆ ಕೂರಿಸಿತು. ಅದರ ಮೇಲಿದ್ದ ದೊಡ್ಡ ದೂರು ಒಳಗೆ ತೇವ ಹೋಗಿ ಮಂಜು ಕಟ್ಟುವುದು. ಆ ಕಾಯಿಲೆಗೆ ಮದ್ದು ಬಂದದ್ದು 1947ರಲ್ಲಿ, ಲ್ಯೂಪೋಲ್ಡ್ ಕಂಪನಿ ಕೊಳವೆಯೊಳಗಿನ ಗಾಳಿಯನ್ನು ತೆಗೆದು ನೈಟ್ರೋಜನ್ ತುಂಬಿ ಸೀಲು ಮಾಡಿದ ಸ್ಕೋಪ್ ತಂದಾಗ. ಇವತ್ತು ನಾಲ್ಕು ಸಾವಿರದ ಪೆಟ್ಟಿಗೆಯ ಮೇಲೂ 'ನೈಟ್ರೋಜನ್' ಎಂದು ಅಚ್ಚಾಗಿರುತ್ತದೆ. ಒಳಗೆ ಇದೆಯೋ ಇಲ್ಲವೋ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ರೇಂಜಿನಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರ್ ಒಬ್ಬರು ಬೆಳಗಿನ ಹೊತ್ತು ಉಸ್ತುವಾರಿ ನೋಡಿಕೊಳ್ಳುತ್ತಾರೆ. ನಮ್ಮ ಹುಡುಗ ರೈಫಲ್ ಚೀಲದಿಂದ ತೆಗೆದು ಪೆಲೆಟ್ ತುಂಬಲು ಹೋದದ್ದೇ ತಡ, ಅವರು ಕೈ ಅಡ್ಡ ಹಿಡಿದರು.

"ಏನ್ ತಮ್ಮಾ, ಸ್ಕೋಪ್ ಪರೀಕ್ಷೆ ಮಾಡೋಕೆ ಬಂದಿದ್ದೀಯೋ, ಕೋವಿ ಪರೀಕ್ಷೆ ಮಾಡೋಕೋ?"

"ಸ್ಕೋಪ್ ಸಾರ್."

"ಹಂಗಾದ್ರೆ ಕೋವಿ ಆ ಕಡೆ ಇಡು."

ಅವರ ಮಾತು ನೂರಕ್ಕೆ ನೂರು ಸರಿ. ಸಾಮಾನ್ಯ ಸ್ಪ್ರಿಂಗ್ ರೈಫಲ್ ಒಂದು ಒಳ್ಳೆಯ ಕೈಯಲ್ಲಿ 25 ಮೀಟರಿನಲ್ಲಿ ಐದು ಪೆಲೆಟ್ಟುಗಳನ್ನು ಎರಡು ಸೆಂಟಿಮೀಟರ್ ಆಸುಪಾಸಿನಲ್ಲಿ ಹರಡುತ್ತದೆ. ಸ್ಕೋಪಿನ ದೋಷ ಐದಾರು ಮಿಲಿಮೀಟರಿನದಾದರೆ ಅದು ಈ ಹರಡಿನೊಳಗೇ ಕರಗಿಹೋಗುತ್ತದೆ. ತಪ್ಪು ಯಾರದು? ಕೋವಿಯದೇ, ಪೆಲೆಟ್ಟಿನದೇ, ಉಸಿರು ಬಿಗಿಹಿಡಿಯದವನದೇ? ಒಂದೂ ಗೊತ್ತಾಗುವುದಿಲ್ಲ. ಸ್ಕೋಪನ್ನು ಒಂಟಿಯಾಗಿ ಕೂರಿಸಿ, ಒಂದೂ ಗುಂಡು ಹಾರಿಸದೆ ವಿಚಾರಣೆ ಮಾಡುವುದೇ ಸರಿಯಾದ ದಾರಿ.

ಭಾರದ ಕಬ್ಬಿಣದ ಮೇಜಿಗೆ ಬಿಗಿದಿದ್ದ ಬೆಂಚ್ ವೈಸಿನಲ್ಲಿ ಸ್ಕೋಪ್ ಹಿಡಿಯುವ ರಿಂಗುಗಳು ಕೂರುವ ರೈಲಿನ ಒಂದು ತುಂಡು ಕಚ್ಚಿಸಿ, ಅದರ ಮೇಲೆ ಸ್ಕೋಪ್ ಕೂರಿಸಿದೆವು. 25 ಮೀಟರ್ ಆಚೆ ಬಿಳಿ ರಟ್ಟಿನ ಮೇಲೆ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ದಾರದ ಗುಂಟ ನೇರ ಗೆರೆ ಎಳೆದು, ಮಿಲಿಮೀಟರ್ ಗುರುತುಗಳಿರುವ ಅಳತೆಪಟ್ಟಿ ಅಂಟಿಸಿದೆವು. ದೂರವನ್ನು ಹೆಜ್ಜೆಯಲ್ಲಿ ಅಳೆಯದೆ ಟೇಪಿನಲ್ಲಿ, ಟರೆಟ್ಟಿನಿಂದ ರಟ್ಟಿನವರೆಗೆ ಅಳೆದೆವು. ಇಲ್ಲಿ ಅರ್ಧ ಮೀಟರ್ ತಪ್ಪಿದರೂ ಲೆಕ್ಕ ಶೇ 2ರಷ್ಟು ಕೆಡುತ್ತದೆ.

ಲೆಕ್ಕ ಹೀಗಿದೆ. ವೃತ್ತಕ್ಕೆ 360 ಡಿಗ್ರಿ, ಒಂದು ಡಿಗ್ರಿಗೆ 60 ಕಲೆ. ಬಂದೂಕಿನವರು ಈ ಕಲೆಯನ್ನು ಎಂಒಎ ಎನ್ನುತ್ತಾರೆ. 100 ಮೀಟರ್ ದೂರದಲ್ಲಿ ಒಂದು ಎಂಒಎ ಎಂದರೆ 29 ಮಿಲಿಮೀಟರ್ ಅಗಲ. 25 ಮೀಟರಿನಲ್ಲಿ ಅದರ ಕಾಲು ಭಾಗ, ಅಂದರೆ 7.3 ಮಿಲಿಮೀಟರ್. ಸಾಮಾನ್ಯ ಸ್ಕೋಪುಗಳ ಟರೆಟ್ಟಿನ ಒಂದು ಕ್ಲಿಕ್ಕಿಗೆ ಕಾಲು ಎಂಒಎ. ಹಾಗಾಗಿ 25 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಅಡ್ಡಗೆರೆ 1.8 ಮಿಲಿಮೀಟರ್ ಸರಿಯಬೇಕು. 40 ಕ್ಲಿಕ್ ತಿರುಗಿಸಿದರೆ 73 ಮಿಲಿಮೀಟರ್. ಇಷ್ಟು ಗೊತ್ತಿದ್ದರೆ ಯಾವ ಕಂಪನಿಯ ಜಾಹೀರಾತನ್ನೂ ಪರಿಶೀಲಿಸಬಹುದು.

ಅಡ್ಡಗೆರೆಯನ್ನು ಪಟ್ಟಿಯ ಸೊನ್ನೆಗೆ ಕೂರಿಸಿ, 'ಮೇಲೆ' ಎಂದು ಬರೆದ ಕಡೆಗೆ 40 ಕ್ಲಿಕ್ ತಿರುಗಿಸಿದ ಹುಡುಗ ಗಾಬರಿಯಾದ. "ಚಿಕ್ಕಪ್ಪ, ಗೆರೆ ಕೆಳಗೆ ಇಳೀತಿದೆ!" ಇಳಿಯಲೇಬೇಕು. ಗೆರೆ ಕೆಳಗಿಳಿದರೆ ಅದನ್ನು ಮತ್ತೆ ಗುರಿಗೆ ಹಿಡಿಯಲು ನಳಿಗೆ ಮೇಲೇಳಬೇಕಾಗುತ್ತದೆ, ಗುಂಡು ಮೇಲೆ ಬೀಳುತ್ತದೆ. ಅದು ಸರಿ. ಸರಿಯಿಲ್ಲದ್ದು ಅಳತೆ: 73 ಇರಬೇಕಾದಲ್ಲಿ 66 ಬಂತು. ಅಂದರೆ ಈ ಸ್ಕೋಪಿನ ಕ್ಲಿಕ್ಕು ಹೇಳಿದ್ದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಚಿಕ್ಕದು. ಇದನ್ನು ನಾನು ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ. ಪ್ರತಿ ಸಲವೂ ಹತ್ತನೇ ಒಂದು ಪಾಲು ಕಡಿಮೆ ಕೊಡುವ ಸ್ಕೋಪಿನ ಜೊತೆ ಬಾಳಬಹುದು, 40ರ ಬದಲು 44 ತಿರುಗಿಸಿದರಾಯಿತು. ದುಬಾರಿ ಸ್ಕೋಪುಗಳಲ್ಲೂ ಶೇ 1, 2ರ ವ್ಯತ್ಯಾಸ ಇರುವುದುಂಟು.

ನಿಜವಾದ ಬಣ್ಣ ಬಯಲಾದದ್ದು ವಾಪಸು ತಿರುಗಿಸಿದಾಗ. ಮೊದಲ ಮೂರು ನಾಲ್ಕು ಕ್ಲಿಕ್ಕುಗಳಿಗೆ ಗೆರೆ ಮಿಸುಕಲೇ ಇಲ್ಲ. ಆಮೇಲೆ ಹೊರಟಿತು. 40 ಕ್ಲಿಕ್ ಹಿಂದಕ್ಕೆ ಬಂದರೂ ಸೊನ್ನೆಗೆ ತಲುಪಲಿಲ್ಲ, ಐದು ಮಿಲಿಮೀಟರ್ ಹಿಂದೆಯೇ ನಿಂತಿತು. ಸುಬೇದಾರರು ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಟರೆಟ್ಟಿನ ತಲೆಗೆ ಮೆಲ್ಲಗೆ ಎರಡು ಸಲ ಕುಟ್ಟಿದರು. ನಾನು ಗಾಜಿನಲ್ಲಿ ನೋಡುತ್ತಲೇ ಇದ್ದೆ: ಗೆರೆ ಜಿಗಿದು ಸೊನ್ನೆಯ ಹತ್ತಿರ ಬಂದು ಕೂತಿತು. ಸ್ಪ್ರಿಂಗ್ ತಳ್ಳಲಾರದೆ ಬಿಟ್ಟದ್ದನ್ನು ನಾಣ್ಯದ ಪೆಟ್ಟು ಬಿಡಿಸಿತ್ತು.

ಹುಡುಗನ ಬೆಳಿಗ್ಗೆ ಸಂಜೆಯ ಗೋಳಿಗೆ ಉತ್ತರದ ಒಂದು ತುಂಡು ಇಲ್ಲಿತ್ತು. ಅವನು ಮನೆಯಲ್ಲಿ ಕ್ಲಿಕ್ ತಿರುಗಿಸಿ ಹೊಡೆಯುತ್ತಿದ್ದ. ಮೊದಲ ಗುಂಡು ಹಳೆಯ ಜಾಗದಲ್ಲೇ ಬೀಳುತ್ತಿತ್ತು. ಸಾಲದೆಂದು ಇನ್ನಷ್ಟು ತಿರುಗಿಸುತ್ತಿದ್ದ. ಅಷ್ಟರಲ್ಲಿ ಕೋವಿಯ ಒದೆತಕ್ಕೆ ಒಳಗೊಳವೆ ಬಿಡಿಸಿಕೊಂಡು, ಎರಡು ಸಲದ ತಿದ್ದುಪಡಿ ಒಟ್ಟಿಗೇ ಜಾರಿಗೆ ಬರುತ್ತಿತ್ತು. ಈಗ ಗುಂಡು ಆಚೆ ಕಡೆ. ಮತ್ತೆ ಹಿಂದಕ್ಕೆ. ಹೀಗೆ ಪೆಲೆಟ್ ಡಬ್ಬಿಗಳು ಖಾಲಿಯಾಗುತ್ತವೆಯೇ ಹೊರತು ಜೀರೋ, ಅಂದರೆ ಗೆರೆ ಹಿಡಿದಲ್ಲೇ ಗುಂಡು ಬೀಳುವ ಹೊಂದಾಣಿಕೆ, ಕೂರುವುದಿಲ್ಲ.

ರೇಂಜಿನವರು 'ಬಾಕ್ಸ್ ಟೆಸ್ಟ್' ಎಂದು ಕರೆಯುವುದು ಇದನ್ನೇ ನಾಲ್ಕೂ ದಿಕ್ಕಿಗೆ ಹಿಗ್ಗಿಸಿದ್ದು. 40 ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ. ಗೆರೆ ಚೌಕ ಬರೆದು ಹೊರಟಲ್ಲಿಗೇ ಬಂದು ನಿಲ್ಲಬೇಕು. ಒಂದು ಟರೆಟ್ ತಿರುಗಿಸಿದಾಗ ಇನ್ನೊಂದು ದಿಕ್ಕಿನಲ್ಲಿ ಗೆರೆ ಜಾರುತ್ತದೆಯೇ ಎಂಬುದೂ ಇಲ್ಲಿ ಸಿಕ್ಕಿಬೀಳುತ್ತದೆ. ನಮ್ಮದರ ಚೌಕ ಒಂದು ಮೂಲೆಯಲ್ಲಿ ಸೊಟ್ಟಗಿತ್ತು, ಆದರೆ ಪ್ರತಿ ಮೂಲೆಯಲ್ಲೂ ನಾಣ್ಯ ಕುಟ್ಟಿದರೆ ಮಟ್ಟಕ್ಕೆ ಬರುತ್ತಿತ್ತು. ಇನ್ನೊಂದು ಯುಕ್ತಿಯೂ ಇದೆ: ಹಿಂದಕ್ಕೆ ಬರುವಾಗ ಬೇಕಾದ ಜಾಗವನ್ನು ಏಳೆಂಟು ಕ್ಲಿಕ್ ದಾಟಿ ಹೋಗಿ, ಆಮೇಲೆ ತಿರುಪು ಒತ್ತುವ ದಿಕ್ಕಿನಲ್ಲೇ ಮರಳಿ ಬರುವುದು. ಕೊನೆಯ ಚಲನೆ ತಿರುಪಿನದಾದರೆ ಸ್ಪ್ರಿಂಗಿನ ಸೋಮಾರಿತನ ಬಾಧಿಸದು.

ಸ್ಕೋಪ್ ವೈಸಿನಲ್ಲಿ ಇರುವಾಗಲೇ ಮಾಡಿಬಿಡಬೇಕಾದ ಇನ್ನೊಂದು ಕೆಲಸ, ಹಿಗ್ಗಿಸುವ ಬಳೆಯನ್ನು 3ರಿಂದ 9ಕ್ಕೆ ನಿಧಾನವಾಗಿ ತಿರುಗಿಸುತ್ತ ಗೆರೆಯನ್ನೇ ನೋಡುವುದು. ಗೆರೆ ಹಿಡಿದ ಗುರುತು ಬಿಟ್ಟು ಕದಲಬಾರದು. ನಮ್ಮದರಲ್ಲಿ ಎರಡು ಮಿಲಿಮೀಟರಿನಷ್ಟು ಅಲೆದಾಡಿತು. ಪರಿಹಾರ ಸರಳ: 9ರಲ್ಲಿ ಜೀರೋ ಮಾಡಿದ್ದರೆ 9ರಲ್ಲೇ ಹೊಡೆಯಿರಿ. ಈ ಬೆಲೆಯ ಸ್ಕೋಪುಗಳಲ್ಲಿ ಗೆರೆಯ ಗಾತ್ರ ಹಿಗ್ಗಿಸಿದರೂ ಕುಗ್ಗಿಸಿದರೂ ಒಂದೇ ಆಗಿರುವುದರಿಂದ, ಗೆರೆಯ ಮೇಲಿನ ಸಣ್ಣ ಚುಕ್ಕೆಗಳ ಅಳತೆ ಒಂದೇ ಒಂದು ಹಿಗ್ಗುವಿಕೆಯಲ್ಲಿ ಮಾತ್ರ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ. ಬಳೆಯನ್ನು ಒಂದೇ ಕಡೆ ಬಿಡಲು ಇದೂ ಒಂದು ಕಾರಣ.

ಇನ್ನು ಪ್ಯಾರಲಾಕ್ಸ್. ಏರ್ ರೈಫಲ್ಲಿನವರನ್ನು ಇದರಷ್ಟು ಸತಾಯಿಸುವುದು ಬೇರೊಂದಿಲ್ಲ, ಇದರ ಬಗ್ಗೆ ಅಂಗಡಿಯವರಷ್ಟು ಮೌನವಾಗಿರುವವರೂ ಬೇರೆ ಯಾರಿಲ್ಲ. ಗುರಿಯ ಬಿಂಬ ಮೂಡುವ ಜಾಗವೂ ಗೆರೆ ಇರುವ ಜಾಗವೂ ಒಂದೇ ಆಗಿದ್ದರೆ ಕಣ್ಣು ಅತ್ತಿತ್ತ ಹೋದರೂ ಗೆರೆ ಗುರಿಗೆ ಅಂಟಿಕೊಂಡಿರುತ್ತದೆ. ಎರಡರ ನಡುವೆ ಅಂತರವಿದ್ದರೆ ತಲೆ ಅಲ್ಲಾಡಿದಂತೆ ಗೆರೆಯೂ ಗುರಿಯ ಮೇಲೆ ಅಲ್ಲಾಡುತ್ತದೆ. ದೊಡ್ಡ ರೈಫಲ್ಲಿಗೆಂದು ಮಾಡಿದ ಅಗ್ಗದ ಸ್ಕೋಪುಗಳನ್ನು ಕಾರ್ಖಾನೆಯಲ್ಲಿ 100 ಗಜಕ್ಕೆ, ಅಂದರೆ 91 ಮೀಟರಿಗೆ ಹೊಂದಿಸಿ ಬಿಟ್ಟಿರುತ್ತಾರೆ. ಅದರಲ್ಲಿ 25 ಮೀಟರಿನ ಕಾಗದ ನೋಡಿದರೆ ಏನಾಗುತ್ತದೆ? ಮುಂದಿನ ಮಸೂರದ ಅರ್ಧ ಅಗಲ 20 ಮಿಲಿಮೀಟರ್. ಹೊಂದಿಸಿದ ದೂರಕ್ಕೂ ಗುರಿಯ ದೂರಕ್ಕೂ ಇರುವ ವ್ಯತ್ಯಾಸ 66 ಮೀಟರ್. ಅದನ್ನು 91ರಿಂದ ಭಾಗಿಸಿ 20ರಿಂದ ಗುಣಿಸಿದರೆ 14.5 ಮಿಲಿಮೀಟರ್. ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಗುರಿ ಇಷ್ಟು ತಪ್ಪಬಹುದು. ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ಸರಿದರೆ ಇದರ ದುಪ್ಪಟ್ಟು. ಪೆಲೆಟ್ಟಿನ ದಪ್ಪವೇ 4.5 ಮಿಲಿಮೀಟರ್! ಕೆನ್ನೆಯನ್ನು ಹಿಡಿಯ ಮೇಲೆ ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಇಟ್ಟವನಿಗೆ ಎರಡು ಬೇರೆ ಜಾಗದಲ್ಲಿ ಗುಂಡು ಬಿದ್ದರೆ ಅದರಲ್ಲಿ ಸೋಜಿಗವೇನಿಲ್ಲ.

ವೈಸಿನಲ್ಲಿ ಇಟ್ಟ ಸ್ಕೋಪಿನಲ್ಲಿ ಇದನ್ನು ನೋಡಲು ಅರ್ಧ ನಿಮಿಷ ಸಾಕು. ಸ್ಕೋಪ್ ಮುಟ್ಟದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಗೆರೆ ಗುರುತಿನ ಮೇಲೆ ಈಜಾಡಿದರೆ ಪ್ಯಾರಲಾಕ್ಸ್ ಇದೆ. ಹಲವು ಅಗ್ಗದ ಸ್ಕೋಪುಗಳಲ್ಲಿ ಮುಂದಿನ ತುದಿಯ ಬಿಗಿಬಳೆ ಬಿಚ್ಚಿ, ಮಸೂರವನ್ನು ಅದರ ಮರೆಯಲ್ಲಿ ಸ್ವಲ್ಪ ಸ್ವಲ್ಪವೇ ಹೊರಗೆ ತಿರುಗಿಸುತ್ತ 25 ಮೀಟರಿಗೆ ಹೊಂದಿಸಬಹುದು. ಸುಬೇದಾರರ ಸಮ್ಮುಖದಲ್ಲಿ ನಾವು ಅದನ್ನೇ ಮಾಡಿದೆವು, ಗೆರೆ ನಿಂತಿತು. ಇದರಲ್ಲಿ ಎರಡು ನಷ್ಟ ಉಂಟು: ಗ್ಯಾರಂಟಿ ಹೋಗುತ್ತದೆ, ಒಳಗೆ ನೈಟ್ರೋಜನ್ ಇದ್ದಿದ್ದರೆ ಅದೂ ಹೋಗುತ್ತದೆ. ಅದಕ್ಕಿಂತ ಮೊದಲೇ, ಮುಂದಿನ ಮಸೂರವನ್ನು ಅಥವಾ ಪಕ್ಕದ ಗುಬುಟನ್ನು ತಿರುಗಿಸಿ ದೂರ ಹೊಂದಿಸಬಲ್ಲ ಸ್ಕೋಪನ್ನೇ ಒಂದೆರಡು ಸಾವಿರ ಹೆಚ್ಚು ಕೊಟ್ಟು ಕೊಳ್ಳುವುದು ಜಾಣತನ. ಹೆಚ್ಚಿನ ದುಡ್ಡು ಖರ್ಚು ಮಾಡಲು ಒಂದೇ ಕಾರಣ ಕೊಡಿ ಎಂದರೆ ನಾನು ಇದನ್ನೇ ಕೊಡುತ್ತೇನೆ. ದೀಪ, ದೊಡ್ಡ ಮಸೂರ ಯಾವುದೂ ಇದರ ಮುಂದೆ ಲೆಕ್ಕಕ್ಕಿಲ್ಲ.

ಇಷ್ಟಾದ ಮೇಲೆ ರೈಫಲ್ಲಿನ ಸರದಿ. 20 ಜೂಲ್ ಕೂಡ ಇಲ್ಲದ ಈ ಕೋವಿ ದೊಡ್ಡ ರೈಫಲ್ಲಿನ ಸ್ಕೋಪನ್ನೇನು ಮಾಡೀತು ಎಂದು ಉಡಾಫೆ ಮಾಡುವವರಿದ್ದಾರೆ. ಆದರೆ ದೊಡ್ಡ ರೈಫಲ್ ಒದೆಯುವುದು ಒಂದೇ ದಿಕ್ಕಿಗೆ, ಹಿಂದಕ್ಕೆ. ಸ್ಪ್ರಿಂಗ್ ಏರ್ ರೈಫಲ್ಲಿನಲ್ಲಿ ಭಾರದ ಪಿಸ್ಟನ್ ಮುಂದೆ ನುಗ್ಗುವಾಗ ಕೋವಿ ಹಿಂದೆ ಸರಿಯುತ್ತದೆ. ಮರುಕ್ಷಣ ಪಿಸ್ಟನ್ ಸಿಲಿಂಡರಿನ ತುದಿಯ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ಕೋವಿ ಮುಂದಕ್ಕೆ ಎಸೆದಂತಾಗುತ್ತದೆ. ಸಿಟಿ ಬಸ್ಸಿನಲ್ಲಿ ನಿಂತವರನ್ನು ಡ್ರೈವರ್ ಮೊದಲು ಗಕ್ಕನೆ ಎಳೆದು, ತಕ್ಷಣ ಬ್ರೇಕ್ ಒತ್ತಿದ ಹಾಗೆ, ಎಲ್ಲವೂ ಒಂದು ಸೆಕೆಂಡಿನ ನೂರನೇ ಪಾಲಿನ ಲೆಕ್ಕದಲ್ಲಿ. ಹಿಂದಿನ ಒದೆತಕ್ಕೆ ಮಾತ್ರ ಆಸರೆ ಕೊಟ್ಟು ಕೂರಿಸಿದ ಮಸೂರ, ಗೆರೆಯ ಚೌಕಟ್ಟು ಈ ಎರಡನೇ ಎಳೆತಕ್ಕೆ ಸಡಿಲವಾಗುತ್ತವೆ. ದುಬಾರಿ ಬೇಟೆ ಸ್ಕೋಪುಗಳು ಬಡ ಏರ್‌ಗನ್ನಿನ ಮೇಲೆ ಸತ್ತಿರುವುದು ಹೀಗೆ. ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಏರ್ ರೈಫಲ್ಲಿಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿಕೊಳ್ಳಿ. ಒತ್ತಡದ ಗಾಳಿ ತುಂಬಿಸಿಕೊಂಡು ಹೊಡೆಯುವ ಪಿಸಿಪಿ ರೈಫಲ್ಲಿಗೆ ಈ ತಾಪತ್ರಯವಿಲ್ಲ, ಅದು ಒದೆಯುವುದೇ ಇಲ್ಲ ಎನ್ನಬಹುದು.

ಹೊಡೆಯುವ ಮೊದಲು ಸ್ಕೋಪಿಗೂ ರಿಂಗಿಗೂ ಸೇರಿಸಿ ಒಂದು ಗೀಟು, ರಿಂಗಿಗೂ ರೈಲಿಗೂ ಸೇರಿಸಿ ಇನ್ನೊಂದು ಗೀಟು ಉಗುರುಬಣ್ಣದಲ್ಲಿ ಎಳೆದೆವು. ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಅವುಚಬಾರದು. ಅಂಗೈ ಮೇಲೆ ಸಡಿಲವಾಗಿ ಮಲಗಿಸಿ, ಅದರ ಪಾಡಿಗೆ ಅದು ಹಿಂದೆ ಮುಂದೆ ಆಡಲು ಬಿಡಬೇಕು. ಮೊದಲ ಪೆಲೆಟ್ಟುಗಳು ಚೆನ್ನಾಗಿ ಒಟ್ಟುಗೂಡಿದವು. ಒಂದು ತಾಸಿನ ನಂತರ ಗುಂಪು ಮೆಲ್ಲಗೆ ಮೇಲೇರತೊಡಗಿತು. ಹುಡುಗ ಸ್ಕೋಪಿಗೆ ಬೈಯಲು ಶುರುಮಾಡಿದ. ಉಗುರುಬಣ್ಣದ ಗೀಟು ನೋಡಿದರೆ ರಿಂಗಿಗೂ ರೈಲಿಗೂ ನಡುವೆ ಒಡೆದು ಒಂದು ಮಿಲಿಮೀಟರಿನಷ್ಟು ಸರಿದಿತ್ತು. ಸ್ಕೋಪಿನ ಮೇಲೆ ಗೂಬೆ ಕೂರಿಸುವ ಮೊದಲು ಮೌಂಟ್ ನೋಡಬೇಕು ಎನ್ನುವುದು ಇದಕ್ಕೇ. ನಮ್ಮಲ್ಲಿನ ಏರ್ ರೈಫಲ್ಲುಗಳ ಮೇಲೆ ಸಾಮಾನ್ಯವಾಗಿ ಇರುವುದು 11 ಮಿಲಿಮೀಟರ್ ಅಂತರದ ಎರಡು ತೋಡುಗಳು. ಸ್ಕೋಪಿನ ಜೊತೆ ಪುಕ್ಕಟೆ ಬರುವ ತೆಳು ರಿಂಗುಗಳು ಅದರ ಮೇಲೆ ಜಾರದೆ ನಿಲ್ಲುವುದು ಅಪರೂಪ. ತಡೆಗೂಟವಿರುವ, ಒಂದೇ ತುಂಡಿನ ಗಟ್ಟಿ ಮೌಂಟ್ ಬೇಕು. ತಿರುಪುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಜಾರುತ್ತದೆಂದು ಸಿಟ್ಟಿನಿಂದ ರಿಂಗಿನ ತಿರುಪು ಹಿಂಡಿದರೆ ಅಲ್ಯೂಮಿನಿಯಂ ಕೊಳವೆ ನಜ್ಜಾಗಿ ಒಳಗೊಳವೆ ಪೂರ್ತಿ ಸಿಕ್ಕಿಕೊಳ್ಳುತ್ತದೆ.

ಬೆಳಕಿನ ವಿಚಾರದಲ್ಲಿ ದೊಡ್ಡ ಮಸೂರದ ಮೋಹ ಬೇಡ. ಮುಂದಿನ ಮಸೂರದ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ. 40ನ್ನು 9ರಿಂದ ಭಾಗಿಸಿದರೆ 4.4 ಮಿಲಿಮೀಟರ್. ಹಗಲಿನಲ್ಲಿ ಕಣ್ಣಿನ ಪಾಪೆ ಅದಕ್ಕಿಂತ ಚಿಕ್ಕದಾಗಿಯೇ ಇರುತ್ತದೆ, ವಯಸ್ಸಾದಂತೆ ಕತ್ತಲಲ್ಲೂ ಅದು ಹೆಚ್ಚು ಅರಳುವುದಿಲ್ಲ. 50 ಮಿಲಿಮೀಟರಿನ ಮಸೂರ ಕೋವಿಯ ತಲೆಭಾರ ಹೆಚ್ಚಿಸುತ್ತದೆ ಅಷ್ಟೆ.

ನೈಟ್ರೋಜನ್ ಮಾತಿಗೆ ಬರೋಣ. ಒಂದು ಪಾತ್ರೆಯಲ್ಲಿ ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ತೆಗೆದುಕೊಂಡು, ಟರೆಟ್ ಮುಚ್ಚಳ ಬಿಗಿದು, ಸ್ಕೋಪನ್ನು ಮುಳುಗಿಸಿದರೆ ಒಳಗಿನ ಅನಿಲ ಹಿಗ್ಗುತ್ತದೆ. ಸೀಲು ಸರಿಯಿಲ್ಲದಿದ್ದರೆ ಗುಳ್ಳೆಗಳ ಸಾಲು ಹೊರಡುತ್ತದೆ. ಮಸೂರ ಬಿಚ್ಚಿದ್ದರಿಂದ ನಮ್ಮದಕ್ಕೆ ಈ ಪರೀಕ್ಷೆಯ ಅರ್ಹತೆ ಉಳಿದಿರಲಿಲ್ಲ. ಬಯಲುಸೀಮೆಯವರು ಇದನ್ನು ಮರೆತರೂ ನಡೆಯುತ್ತದೆ. ಮಡಿಕೇರಿ, ಸಕಲೇಶಪುರ, ಆಗುಂಬೆ ಕಡೆಯವರಿಗೆ ನಡೆಯುವುದಿಲ್ಲ. ಮಳೆಗಾಲದಲ್ಲಿ ಒಳಗೆ ತೇವ ಸೇರಿದ ಸ್ಕೋಪಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಕ್ಯಾಮೆರಾ ಲೆನ್ಸಿಗೆ ಹಿಡಿಯುವಂಥದ್ದೇ. ಒಮ್ಮೆ ಬೇರೂರಿದರೆ ಮೇಲಿನ ಲೇಪವನ್ನೇ ತಿನ್ನುತ್ತದೆ. ಜೂನ್ ಬರುವ ಮೊದಲು ಸ್ಕೋಪನ್ನು ಚರ್ಮದ ಅಥವಾ ಬಟ್ಟೆಯ ಚೀಲದಿಂದ ತೆಗೆದು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳ್ಳೆಯದು.

ಒಲಿಂಪಿಕ್ಸ್‌ನಲ್ಲಿ ಪದಕ ಗೆಲ್ಲಲು ಈ ಕೊಳವೆ ಬೇಕು ಎಂದು ಯಾವ ಹುಡುಗನೂ ಹುಡುಗಿಯೂ ಭಾವಿಸಬೇಕಾಗಿಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಪ್ರವೇಶವೇ ಇಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಹಿಂಬದಿ ಸೈಟ್ ಮೂಲಕ ನೋಡಿ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಆ ದಾರಿ ಹಿಡಿಯುವ ಮಕ್ಕಳು ಸ್ಕೋಪಿನ ದುಡ್ಡನ್ನು ಪೆಲೆಟ್ಟಿಗೂ ಕೋಚಿಗೂ ಕೊಡಲಿ.

ನಮ್ಮ ಹುಡುಗನ ಸ್ಕೋಪಿನ ತೀರ್ಪು ಇಷ್ಟು. ದೂರದೂರಕ್ಕೆ ಟರೆಟ್ ತಿರುಗಿಸುತ್ತ ಹೊಡೆಯುವ ಆಟಕ್ಕೆ ಇದು ಕೆಲಸಕ್ಕೆ ಬಾರದು. ಒಂದು ದೂರಕ್ಕೆ ಜೀರೋ ಮಾಡಿ, ನಾಣ್ಯದಿಂದ ಕುಟ್ಟಿ ಗೆರೆ ಕೂತಿದೆಯೆಂದು ಖಾತ್ರಿಪಡಿಸಿಕೊಂಡು, ಟರೆಟ್ ಮುಚ್ಚಳ ಹಾಕಿ ಮತ್ತೆ ಮುಟ್ಟದಿದ್ದರೆ ನಾಲ್ಕು ಸಾವಿರಕ್ಕೆ ಮೋಸವಿಲ್ಲ. ಗಟ್ಟಿ ಮೌಂಟಿಗೆ ಬದಲಾಯಿಸಿದ ಮೇಲೆ ಗುಂಪು ಏರುವುದು ನಿಂತಿದೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಸ್ಕೋಪ್ ಮನೆಗೆ ಬಂದ ದಿನವೇ ಕೋವಿಗೆ ಏರಿಸಬೇಡಿ. ರಿಂಗಿನ ಗುರುತು ಬಿದ್ದ, ಮಸೂರ ಬಿಚ್ಚಿದ ಸ್ಕೋಪನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ವಾಪಸು ಮಾಡುವ ಗಡುವಿನೊಳಗೆ, ಬಟ್ಟೆ ಸುತ್ತಿ ಒಂದು ವೈಸಿನಲ್ಲಿ ಮೆಲ್ಲಗೆ ಹಿಡಿಸಿ, ಎದುರು ಗೋಡೆಗೆ ಅಳತೆಪಟ್ಟಿ ಅಂಟಿಸಿ, 40 ಕ್ಲಿಕ್ ಹೋಗಿ 40 ಕ್ಲಿಕ್ ಬನ್ನಿ. ಹೊರಟಲ್ಲಿಗೆ ಬಾರದಿದ್ದರೆ ಪೆಟ್ಟಿಗೆಗೆ ತುಂಬಿ ಕಳಿಸಿಬಿಡಿ.